ಸೀಸನ್ ಕೊನೆಯಲ್ಲಿ ಕಾಲು ಕೈಕೊಟ್ಟರೆ: ಓಡುವುದಾ, ಬಿಡುವುದಾ?

ಪ್ರಶ್ನೆ: ನಾನು ಹುಬ್ಬಳ್ಳಿಯವನು, ವಯಸ್ಸು 36. ಕೆಲಸ ಬ್ಯಾಂಕಿನಲ್ಲಿ, ಹುಚ್ಚು ಟ್ರಯಾಥ್ಲಾನ್‌ನದು, ಅಂದರೆ ಈಜು, ಸೈಕಲ್, ಓಟ ಮೂರೂ ಒಂದಾದ ಮೇಲೊಂದು ಬರುವ ರೇಸು. ಜರ್ಮನಿಯ ಟ್ರಯಾಥ್ಲೀಟ್ ಯಾನ್ ಫ್ರೋಡೆನೊ 2017ರಲ್ಲಿ ಹವಾಯಿಯ ಕೋನಾದಲ್ಲಿ ನಡೆದ ಐರನ್‌ಮ್ಯಾನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆನ್ನು ಹಿಡಿದುಕೊಂಡರೂ ಬಿಡದೆ, ನಡೆಯುತ್ತಾ ಓಡುತ್ತಾ ಮುಗಿಸಿದರು. ಅದೇ ಮನುಷ್ಯ 2018ರಲ್ಲಿ ಭರ್ಜರಿ ಫಾರ್ಮ್‌ನಲ್ಲಿದ್ದಾಗ ಕೋನಾಕ್ಕೆ ಬರುವುದಿಲ್ಲ ಅಂದುಬಿಟ್ಟರು. ಯಾವುದು ಸರಿ? ವರ್ಷದ ಕೊನೆಗೆ ಎಲ್ಲರಿಗೂ ದಣಿವು, ಒಂದಲ್ಲ ಒಂದು ನೋವು ಇದ್ದೇ ಇರುತ್ತದೆ. ಅಂಥ ಹೊತ್ತಿನಲ್ಲಿ ವೃತ್ತಿಪರರು ಹೇಗೆ ನಿರ್ಧಾರ ಮಾಡುತ್ತಾರೆ? ಕೇಳಲು ಸ್ವಂತ ಕಾರಣವೂ ಇದೆ. ಗೋವಾದ 70.3 ರೇಸಿಗೆ, ಅಂದರೆ ಐರನ್‌ಮ್ಯಾನ್‌ನ ಅರ್ಧ ದೂರದ ರೇಸಿಗೆ, ಆರು ವಾರ ಉಳಿದಿದೆ. ಮೂರು ವಾರದಿಂದ ಬಲಗಾಲಿನಲ್ಲಿ, ಮಂಡಿಯ ಕೆಳಗಿನ ಮೂಳೆಯ ಮೇಲೆ ನೋವು. ಸುಸ್ತು ಬೇರೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದರು.

ಉತ್ತರ: ಫ್ರೋಡೆನೊ ಮಾಡಿದ್ದು ಎರಡೂ ಸಲ ಸರಿ. ನೋವು ಎಷ್ಟಿತ್ತು ಅಂತ ನೋಡಿದರೆ ಇದು ಅರ್ಥವಾಗುವುದಿಲ್ಲ. ಎಲ್ಲಿತ್ತು ಅಂತ ನೋಡಬೇಕು.

2017ರ ಅಕ್ಟೋಬರ್ 14ರಂದು ಅವರು ಕೋನಾಕ್ಕೆ ಇಳಿದಾಗ ಹಿಂದಿನ ಎರಡೂ ವರ್ಷದ ಚಾಂಪಿಯನ್. 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕ್ಲಿಂಗ್ ಚೆನ್ನಾಗಿಯೇ ಮುಗಿಯಿತು. ಮ್ಯಾರಥಾನ್ ಶುರುವಾಗಿ ಸ್ವಲ್ಪ ಹೊತ್ತಿಗೇ ಬೆನ್ನು ಬಿಗಿದುಕೊಂಡಿತು. ನಿಂತರು, ಬಗ್ಗಿ ಸ್ಟ್ರೆಚ್ ಮಾಡಿದರು, ನಡೆದರು, ಮತ್ತೆ ಓಡಿದರು. ಗೆಲ್ಲುವ ಮಾತು ಅಲ್ಲಿಗೇ ಮುಗಿದಿತ್ತು. ಆದರೂ ನಾಲ್ಕು ಗಂಟೆಯಷ್ಟು ಎಳೆದಾಡಿ ಮ್ಯಾರಥಾನ್ ಮುಗಿಸಿದರು. ಒಟ್ಟು ಸಮಯ 9 ಗಂಟೆ 15 ನಿಮಿಷ. ಅಷ್ಟು ಹೊತ್ತಿಗೆ ಗೆದ್ದ ಪ್ಯಾಟ್ರಿಕ್ ಲಾಂಗೆ ಗೆರೆ ದಾಟಿ ಒಂದು ಗಂಟೆಯ ಮೇಲಾಗಿತ್ತು.

ಬೆನ್ನಿನ ಸ್ನಾಯು ಬಿಗಿದುಕೊಂಡರೆ ಪ್ರಾಣ ಹೋಗುವಷ್ಟು ನೋವಾಗುತ್ತದೆ. ಆದರೆ ಹಾಗೇ ನಡೆದುಕೊಂಡು ಹೋದರೂ ಸಾಮಾನ್ಯವಾಗಿ ಏನೂ ಮುರಿಯುವುದಿಲ್ಲ, ಹರಿಯುವುದಿಲ್ಲ. ಕೆಲವು ವಾರದಲ್ಲಿ ಸರಿಹೋಗುತ್ತದೆ. ಕಾಲು ಜೋಮು ಹಿಡಿದರೆ, ಪಾದ ಎತ್ತಲು ಆಗದೇ ಹೋದರೆ ಮಾತು ಬೇರೆ. ಅದು ನರದ ವಿಷಯ, ಅಲ್ಲಿ ತಕ್ಷಣ ನಿಲ್ಲಬೇಕು. ಫ್ರೋಡೆನೊ ಅವರ ರೇಸ್ ಸೀಸನ್‌ನ ದೊಡ್ಡ ಗುರಿಯೂ ಆಗಿತ್ತು. ಉಳಿಸಿಕೊಳ್ಳಲು ಮುಂದೆ ಅದಕ್ಕಿಂತ ದೊಡ್ಡದು ಆ ವರ್ಷ ಏನೂ ಇರಲಿಲ್ಲ. ಮುಗಿಸಿದರು, ತಪ್ಪೇನಿಲ್ಲ.

ಮರುವರ್ಷ ನೋಡಿ. ಜುಲೈನಲ್ಲಿ ಫ್ರಾಂಕ್‌ಫರ್ಟ್ ಐರನ್‌ಮ್ಯಾನ್ ಗೆದ್ದರು. ಸೆಪ್ಟೆಂಬರ್ 2ರಂದು ದಕ್ಷಿಣ ಆಫ್ರಿಕಾದಲ್ಲಿ 70.3 ವಿಶ್ವ ಚಾಂಪಿಯನ್‌ಷಿಪ್. ಅಲ್ಲಿ ಅಲಿಸ್ಟರ್ ಬ್ರೌನ್ಲಿ, ಹವಿಯರ್ ಗೋಮೆಜ್ ಇಬ್ಬರನ್ನೂ ಹಿಂದೆ ಹಾಕಿದರು. ಎದುರಿಗಿದ್ದವರಲ್ಲಿ ಒಬ್ಬರು ಎರಡು ಸಲದ ಒಲಿಂಪಿಕ್ ಚಾಂಪಿಯನ್, ಇನ್ನೊಬ್ಬರು ಐದು ಸಲದ ವಿಶ್ವ ಚಾಂಪಿಯನ್. ಫ್ರೋಡೆನೊಗೆ ಆಗ 37 ವರ್ಷ. ಅದಾಗಿ ಕೆಲವೇ ದಿನಕ್ಕೆ ಸೊಂಟದ ಭಾಗದ ಮೂಳೆಯಲ್ಲಿ ಸ್ಟ್ರೆಸ್ ಫ್ರಾಕ್ಚರ್ ಅಂತ ಗೊತ್ತಾಯಿತು. ಕೋನಾ ಬಿಟ್ಟರು. ಒಂದು ವರ್ಷ ಬಿಟ್ಟು, 2019ರ ಅಕ್ಟೋಬರ್ 12ರಂದು ವಾಪಸ್ ಬಂದು 7 ಗಂಟೆ 51 ನಿಮಿಷ 13 ಸೆಕೆಂಡಿನಲ್ಲಿ ಗೆದ್ದರು. ಅಲ್ಲಿಯವರೆಗೆ ಕೋನಾದಲ್ಲಿ ಅಷ್ಟು ವೇಗವಾಗಿ ಯಾರೂ ಮುಗಿಸಿರಲಿಲ್ಲ. 2018ರಲ್ಲಿ ಮಾತ್ರೆ ನುಂಗಿ ಓಡಿದ್ದರೆ 2019 ಇರುತ್ತಿತ್ತಾ? ಮೂಳೆಯ ಗಾಯಗಳನ್ನು ನೋಡುವವನಾಗಿ ಹೇಳುತ್ತೇನೆ, ನಾನಂತೂ ಪಣ ಕಟ್ಟುತ್ತಿರಲಿಲ್ಲ.

ಸ್ಟ್ರೆಸ್ ಫ್ರಾಕ್ಚರ್ ಅಂದರೆ ಬಿದ್ದು ಮುರಿದುಕೊಳ್ಳುವುದಲ್ಲ. ತಂತಿಯನ್ನು ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸುತ್ತಾ ಇದ್ದರೆ ಒಂದು ಹೊತ್ತಿನಲ್ಲಿ ಅದು ಪುಟ್ಟಂತ ಹೋಗುತ್ತಲ್ವಾ, ಆ ತರಹ. ಆದರೆ ಮೂಳೆಗೆ ಜೀವ ಇದೆ, ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ತೊಂದರೆ ಇರುವುದು ಆ ರಿಪೇರಿಯ ವೇಗದಲ್ಲಿ. ಸವೆದ ಭಾಗವನ್ನು ಮೂಳೆ ಮೂರು ನಾಲ್ಕು ವಾರದಲ್ಲಿ ಕೆರೆದು ತೆಗೆದುಬಿಡುತ್ತದೆ. ಆ ಜಾಗವನ್ನು ಹೊಸ ಮೂಳೆಯಿಂದ ತುಂಬಲು ಮೂರು ತಿಂಗಳ ಆಸುಪಾಸು ಬೇಕು. ಈ ನಡುವೆ ಆ ಜಾಗ ಬಡಕಲಾಗಿರುತ್ತದೆ. ಆಗಲೇ ಓಟ ಜಾಸ್ತಿ ಮಾಡಿದರೆ ಬಿರುಕು ಬಿಡುತ್ತದೆ.

ಈಗ ಇದನ್ನು ಕ್ಯಾಲೆಂಡರ್ ಮೇಲೆ ಇಟ್ಟು ನೋಡಿ. ವೃತ್ತಿಪರ ಟ್ರಯಾಥ್ಲೀಟ್ ಜುಲೈ ಆಗಸ್ಟ್‌ನಲ್ಲಿ ವಾರಕ್ಕೆ 25ರಿಂದ 30 ಗಂಟೆ ತರಬೇತಿ ಮಾಡುತ್ತಾನೆ. ಓಟದ ದೂರ ವರ್ಷದಲ್ಲೇ ಹೆಚ್ಚು. ನಡುವೆ ಒಂದು ದೊಡ್ಡ ರೇಸ್ ಬೇರೆ. ಆ ಹೊಡೆತದ ಫಲ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕಾಣಿಸಿಕೊಳ್ಳುತ್ತದೆ. "ಕಳೆದ ವಾರ ಏನೂ ಜಾಸ್ತಿ ಓಡಲೇ ಇಲ್ಲ ಡಾಕ್ಟ್ರೇ, ಆದರೂ ನೋವು" ಅನ್ನುತ್ತಾರೆ. ಕಳೆದ ವಾರ ಬಿಡಿ, ಎರಡು ತಿಂಗಳ ಹಿಂದಿನ ಡೈರಿ ತೆಗೆಯಿರಿ ಅನ್ನುತ್ತೇನೆ.

ಮೂಳೆಯಲ್ಲೂ ಎಲ್ಲ ಜಾಗ ಒಂದೇ ಅಲ್ಲ. ಪಾದದ ನಡುವಿನ ಬೆರಳುಗಳ ಹಿಂದಿನ ಮೂಳೆಯಲ್ಲಿ ಬಿರುಕು ಬಿಟ್ಟರೆ ಆರೆಂಟು ವಾರದಲ್ಲಿ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ತೊಡೆಮೂಳೆ ಸೊಂಟಕ್ಕೆ ಸೇರುವ ಕತ್ತಿನಲ್ಲಿ, ಅದರಲ್ಲೂ ಮೇಲ್ಬದಿಯಲ್ಲಿ ಬಿಟ್ಟರೆ ಅದು ಪೂರ್ತಿ ಮುರಿದು ಜಾರುವ ಭಯ ಇದೆ. ಆಗ ಆಪರೇಷನ್, ಸ್ಕ್ರೂ. ವೃತ್ತಿಯೇ ಮುಗಿಯಬಹುದು. ಮಂಡಿಯ ಕೆಳಗಿನ ಮೂಳೆಯ ಮುಂಬದಿ, ಪಾದದ ಮೇಲ್ಭಾಗದ ನಾವಿಕ್ಯುಲರ್ ಅನ್ನುವ ಪುಟ್ಟ ಮೂಳೆ, ಇವೂ ಹಟಮಾರಿ ಜಾಗಗಳು. ರಕ್ತ ಸರಿಯಾಗಿ ಬರುವುದಿಲ್ಲ, ಬೇಗ ಕೂಡುವುದಿಲ್ಲ. ಇಂಥ ಜಾಗದಲ್ಲಿ ನೋವು ಹತ್ತರಲ್ಲಿ ಎರಡೇ ಇದ್ದರೂ ನಾನು ಓಟ ನಿಲ್ಲಿಸಿಬಿಡುತ್ತೇನೆ. ಮೀನಖಂಡದ ಸ್ನಾಯು ಹಿಡಿದುಕೊಂಡು ನೋವು ಹತ್ತರಲ್ಲಿ ಆರು ಇದ್ದರೂ ಅಷ್ಟು ಹೆದರುವುದಿಲ್ಲ.

ಸ್ನಾಯುರಜ್ಜುವಿನ ಕಥೆ ಮತ್ತೆ ಬೇರೆ. ಹಿಮ್ಮಡಿಯ ಮೇಲಿನ ಅಕಿಲಿಸ್ ನೊಂದರೆ ಪೂರ್ತಿ ವಿಶ್ರಾಂತಿ ಕೊಡುವುದು ಒಳ್ಳೆಯದಲ್ಲ. ಕೂತರೆ ಅದು ಇನ್ನೂ ಬಡವಾಗುತ್ತದೆ. ಭಾರ ಎತ್ತುವ ನಿಧಾನದ ವ್ಯಾಯಾಮವನ್ನು ಹನ್ನೆರಡು ವಾರದಷ್ಟು ಬಿಡದೆ ಮಾಡಬೇಕು. ನಾವು ನೋಡುವುದು ಮರುದಿನ ಬೆಳಗ್ಗೆ ಏನಾಯಿತು ಅಂತ. ಇವತ್ತು ಓಡುವಾಗ ಸ್ವಲ್ಪ ನೋವಿತ್ತು, ನಾಳೆ ಎದ್ದಾಗ ಬಿಗಿತ ಎಂದಿನಷ್ಟೇ ಇದೆ ಅಂದರೆ ಆ ಓಟವನ್ನು ಅದು ತಡೆದುಕೊಂಡಿದೆ. ಹಾಸಿಗೆಯಿಂದ ಇಳಿದು ಬಚ್ಚಲಿಗೆ ಹೋಗುವಾಗ ಕುಂಟುವಂತಾದರೆ ತಡೆದುಕೊಂಡಿಲ್ಲ. ಸೀಸನ್ ಕೊನೆಯಲ್ಲಿ ಅಕಿಲಿಸ್ ನೋವಿಟ್ಟುಕೊಂಡೇ ಒಂದೆರಡು ರೇಸ್ ಮುಗಿಸುವ ವೃತ್ತಿಪರರು ಬೇಕಾದಷ್ಟಿದ್ದಾರೆ. ಚಳಿಗಾಲದಲ್ಲಿ ಕೂತು ರಿಪೇರಿ ಮಾಡಿಕೊಳ್ಳುತ್ತಾರೆ. ಮೂಳೆಯ ಜೊತೆ ಈ ಚೌಕಾಸಿ ನಡೆಯುವುದಿಲ್ಲ.

ಬ್ರಿಟನ್‌ನ ಟ್ರಯಾಥ್ಲೀಟ್ ಲೂಸಿ ಚಾರ್ಲ್ಸ್-ಬಾರ್ಕ್ಲಿ ಅವರ ಕಳೆದ ಕೆಲವು ವರ್ಷಗಳೇ ಇದಕ್ಕೆ ಪಾಠದಂತಿವೆ. 2022ರ ಆರಂಭದಲ್ಲಿ ಸೊಂಟದ ಸ್ಟ್ರೆಸ್ ಫ್ರಾಕ್ಚರ್. ಓಟ ಬಂದ್. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೋನಾದಲ್ಲಿ ಎರಡನೇ ಸ್ಥಾನ. 2023ರಲ್ಲಿ ಅದೇ ಕೋನಾದಲ್ಲಿ ಶುರುವಿನಿಂದ ಕೊನೆಯವರೆಗೆ ಮುಂದಿದ್ದು 8 ಗಂಟೆ 24 ನಿಮಿಷದಲ್ಲಿ ಗೆಲುವು, ದಾಖಲೆ. 2024ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್. ಹೋಗಿದ್ದರು, ಎಲ್ಲ ತಯಾರಿ ಆಗಿತ್ತು, ಮೀನಖಂಡದ ಗಾಯದಿಂದ ಕೊನೇ ಗಳಿಗೆಯಲ್ಲಿ ಹಿಂದೆ ಸರಿದರು. ಆ ಕ್ಷಣ ಎಷ್ಟು ಕಷ್ಟ ಅಂತ ಯೋಚಿಸಿ. ಸೈಕಲ್ ಜೋಡಿಸಿ ಆಗಿದೆ, ಪ್ರಾಯೋಜಕರು ಬಂದಿದ್ದಾರೆ, ಹಾಲಿ ಚಾಂಪಿಯನ್ ನೀವೇ.

2025ರ ಅಕ್ಟೋಬರ್ 11ರ ಕೋನಾ ಇನ್ನೂ ವಿಚಿತ್ರ. ಸುಡುವ ಬಿಸಿಲು. ಓಟದಲ್ಲಿ ಮುಂದಿದ್ದ ಇಬ್ಬರೂ ಮುಗಿಸಲಿಲ್ಲ. ಚಾರ್ಲ್ಸ್-ಬಾರ್ಕ್ಲಿ ದಾರಿ ಮಧ್ಯೆ ನಿಲ್ಲಿಸಿದರು. ಅಮೆರಿಕದ ಟೇಲರ್ ನಿಬ್ ಕೊನೆಯ ಕೆಲವೇ ಕಿಲೋಮೀಟರ್ ಇರುವಾಗ, ಮುಂದಿದ್ದಾಗಲೇ, ಕುಸಿದು ಕೂತರು. ನಾರ್ವೆಯ ಸುಲ್ವೈ ಲೊವ್ಸೆತ್ ಗೆದ್ದರು. ಸರಿಯಾಗಿ ನಾಲ್ಕು ವಾರಕ್ಕೆ ಸ್ಪೇನಿನ ಮಾರ್ಬೆಯಾದಲ್ಲಿ 70.3 ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಗೆದ್ದವರು ಚಾರ್ಲ್ಸ್-ಬಾರ್ಕ್ಲಿ, ಎರಡನೆಯವರು ನಿಬ್! ಬಿಸಿಲಿನ ಹೊಡೆತ ನೋಡಲು ಎಷ್ಟೇ ಭಯಂಕರವಾಗಿದ್ದರೂ, ಸಕಾಲಕ್ಕೆ ನಿಂತು ಮೈ ತಣ್ಣಗಾದರೆ ಹೆಚ್ಚಿನವರು ಕೆಲವು ವಾರದಲ್ಲಿ ಸುಧಾರಿಸಿಕೊಳ್ಳುತ್ತಾರೆ. ಅಲ್ಲಿ ಮೂಳೆ ಬಿರುಕು ಬಿಟ್ಟಿದ್ದರೆ ನಾಲ್ಕು ವಾರಕ್ಕೆ ಇಬ್ಬರೂ ಊರುಗೋಲಿನ ಮೇಲೆ ಇರುತ್ತಿದ್ದರು. ಹಾಗಂತ ಬಿಸಿಲಿನ ಜೊತೆ ಆಟ ಆಡಬಹುದು ಅಂತಲ್ಲ. ಮೈ ಬಿಸಿ 40 ಡಿಗ್ರಿ ದಾಟಿ ಮಾತು ತೊದಲಲು ಶುರುವಾದರೆ ಅದು ಜೀವಕ್ಕೇ ಅಪಾಯ. ತೂರಾಡುತ್ತಾ ಗೆರೆ ದಾಟುವ ವಿಡಿಯೊಗಳನ್ನು ಜನ ಹುರುಪಿನಿಂದ ಹಂಚಿಕೊಳ್ಳುತ್ತಾರೆ. ನನಗಂತೂ ಅದನ್ನು ನೋಡಿದರೆ ಹೊಟ್ಟೆ ತೊಳಸುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಸೆಪ್ಟೆಂಬರ್‌ಗೇ ಸಾಕು ಅನ್ನುವುದಿಲ್ಲ ಅಂದರೆ, ಹೊಟ್ಟೆಪಾಡು. ಟ್ರಯಾಥ್ಲೀಟ್‌ಗೆ ತಿಂಗಳ ಸಂಬಳ ಕೊಡುವವರು ಅಪರೂಪ. ಬಹುಮಾನ, ಪ್ರಾಯೋಜಕರ ಬೋನಸ್, ಇಷ್ಟೇ. ದೊಡ್ಡ ದುಡ್ಡೆಲ್ಲ ವರ್ಷದ ಕೊನೆಯಲ್ಲಿದೆ. ಕೋನಾ ಗೆದ್ದರೆ 1,25,000 ಡಾಲರ್. 2024ರಿಂದ ಐರನ್‌ಮ್ಯಾನ್ ಪ್ರೊ ಸೀರೀಸ್ ಅಂತ ಶುರುವಾಗಿದೆ. ವರ್ಷದ ಐದು ಒಳ್ಳೆಯ ಫಲಿತಾಂಶಗಳ ಅಂಕ ಕೂಡಿಸಿ, ಮೊದಲು ಬಂದವರಿಗೆ 2,00,000 ಡಾಲರ್ ಬೋನಸ್. ಇದರ ಲೆಕ್ಕ ಸ್ವಲ್ಪ ಕ್ರೂರ. ಗೆದ್ದವರಿಗಿಂತ ಒಂದು ಸೆಕೆಂಡ್ ಹಿಂದೆ ಬಿದ್ದರೆ ಒಂದು ಅಂಕ ಹೋಗುತ್ತದೆ. ಹಿಂದೆಲ್ಲ ಏಳನೇ ಸ್ಥಾನ ಗಟ್ಟಿಯಾದರೆ ಕೊನೆಯ ಐದು ಕಿಲೋಮೀಟರ್ ಸ್ವಲ್ಪ ನಿಧಾನಕ್ಕೆ ಓಡಿ ಕಾಲು ಉಳಿಸಿಕೊಳ್ಳಬಹುದಿತ್ತು. ಈಗ ಅದೂ ಇಲ್ಲ. ನವೆಂಬರ್, ಡಿಸೆಂಬರ್‌ವರೆಗೂ ಅಂಕದ ಓಟ ನಡೆದೇ ಇರುತ್ತದೆ. 2024ರ 70.3 ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ನ್ಯೂಜಿಲೆಂಡಿನ ಟೌಪೊದಲ್ಲಿ, ಡಿಸೆಂಬರ್‌ನಲ್ಲಿ. ಯುರೋಪಿನವರಿಗೆ ಅದು ಭೂಮಿಯ ಆ ತುದಿ.

ಇನ್ನು ದಣಿವು. ನೀವು ಇದನ್ನು "ಸುಸ್ತು ಬೇರೆ" ಅಂತ ಎರಡು ಪದದಲ್ಲಿ ಮುಗಿಸಿದ್ದೀರಿ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದೇ ಅದು. ಗಾಯ ಒಂದು ಕಡೆ, ಸುಸ್ತು ಇನ್ನೊಂದು ಕಡೆ ಅಂತ ಇರುವುದು ಕಡಿಮೆ. ಬಹಳಷ್ಟು ಸಲ ಎರಡಕ್ಕೂ ಬೇರು ಒಂದೇ.

ತರಬೇತಿಯಲ್ಲಿ ದಣಿಯುವುದು ಸಹಜ, ಬೇಕು ಕೂಡ. ಒಂದೆರಡು ವಾರ ಹೊಡೆತ ಕೊಟ್ಟು ಆಮೇಲೆ ಬಿಡುವು ಕೊಟ್ಟರೆ ಮೈ ಮೊದಲಿಗಿಂತ ಚುರುಕಾಗುತ್ತದೆ. ರೇಸಿಗೆ ಮುಂಚೆ ಮಾಡುವ ಟೇಪರ್ ಇದೇ. ಎರಡು ವಾರ ತರಬೇತಿಯ ಪ್ರಮಾಣವನ್ನು ಅರ್ಧದಷ್ಟು ಇಳಿಸುತ್ತಾರೆ, ವೇಗ ಮಾತ್ರ ಹಾಗೇ ಇಟ್ಟುಕೊಳ್ಳುತ್ತಾರೆ. ಎರಡು ವಾರದ ಬಿಡುವಿಗೆ ಮೈ ಸ್ಪಂದಿಸದೇ ಹೋದರೆ ಅಲ್ಲಿ ಅನುಮಾನ ಶುರು. ವಾರಗಳು ತಿಂಗಳಾದರೆ ಅದು ಓವರ್‌ಟ್ರೈನಿಂಗ್. ಇದನ್ನು ಹಿಡಿದುಕೊಡುವ ಒಂದೇ ಒಂದು ರಕ್ತಪರೀಕ್ಷೆ ಇಲ್ಲ. ಬೇರೆ ಕಾಯಿಲೆ ಯಾವುದೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಚೇತರಿಸಿಕೊಳ್ಳಲು ಎಷ್ಟು ಕಾಲ ಹಿಡಿಯಿತು ಅಂತ ನೋಡಿಯೇ ಹೇಳಬೇಕು.

ಕೋಚ್‌ಗಳು ಗಮನಿಸುವುದು ಚಿಕ್ಕ ಚಿಕ್ಕ ಸಂಗತಿ. ಬೆಳಗಿನ ನಾಡಿಬಡಿತ ಏರಿದೆಯಾ ಅನ್ನುವುದು ಎಲ್ಲರಿಗೂ ಗೊತ್ತು. ಅದರ ಉಲ್ಟಾ ಗುರುತೂ ಇದೆ. ಸೈಕಲ್ ಮೇಲೆ ಎಂದಿನ ವ್ಯಾಟ್ಸ್, ಅಂದರೆ ಪೆಡಲ್‌ಗೆ ಹಾಕುವ ಶಕ್ತಿ, ಅಷ್ಟೇ ತುಳಿಯುತ್ತಿದ್ದರೂ ಬಡಿತ ಏರುವುದೇ ಇಲ್ಲ, ಕಾಲು ಮಾತ್ರ ಕಲ್ಲಿನಂತೆ ಭಾರ. ವಾಚ್ ನೋಡಿ "ಆಹಾ, ಎಷ್ಟು ಫಿಟ್ ಆಗಿದ್ದೀನಿ" ಅಂದುಕೊಳ್ಳುವವರಿದ್ದಾರೆ. ನಿದ್ದೆ ಕೆಡುವುದು, ಸುಮ್ನೆ ಸುಮ್ನೆ ಸಿಟ್ಟು ಬರುವುದು, ಪದೇ ಪದೇ ನೆಗಡಿ, ಈಜುಕೊಳಕ್ಕೆ ಹೋಗಲು ಮನಸ್ಸೇ ಬಾರದಿರುವುದು. ನನ್ನನ್ನು ಕೇಳಿದರೆ ದುಬಾರಿ ವಾಚಿಗಿಂತ ಮನೆಯವರು ಕೊಡುವ ವರದಿ ಹೆಚ್ಚು ನಂಬಿಕೆಗೆ ಯೋಗ್ಯ.

ಜ್ವರ ಇದ್ದರಂತೂ ಚರ್ಚೆಯೇ ಬೇಡ. ವೈರಸ್ ಜ್ವರದಲ್ಲಿ ಮೈ ದಂಡಿಸಿದರೆ ಹೃದಯದ ಸ್ನಾಯುವಿಗೆ ಉರಿಯೂತ ಆಗುವ ಅಪಾಯ ಇದೆ. ಅದು ಅಪರೂಪ, ಆದರೆ ಬಂದುಬಿಟ್ಟರೆ ಜೀವಕ್ಕೇ ಕುತ್ತಾಗಬಹುದು. ಬ್ರಿಟನ್‌ನ ಟ್ರಯಾಥ್ಲೀಟ್ ಕ್ರಿಸ್ಸಿ ವೆಲ್ಲಿಂಗ್ಟನ್ ಹಿಂದಿನ ಮೂರೂ ವರ್ಷ ಕೋನಾ ಗೆದ್ದವರು, 2010ರಲ್ಲಿ ಹುಷಾರಿಲ್ಲ ಅಂತ ರೇಸಿನ ದಿನ ಬೆಳಗ್ಗೆ ಹಿಂದೆ ಸರಿದರು. ಅದೇ ವೆಲ್ಲಿಂಗ್ಟನ್ 2011ರಲ್ಲಿ ರೇಸಿಗೆ ಎರಡು ವಾರ ಇರುವಾಗ ಸೈಕಲ್‌ನಿಂದ ಬಿದ್ದು ಕೈಕಾಲು ತರಚಿಕೊಂಡರು. ಆ ಸಲ ಓಡಿದರು, ಗೆದ್ದರು. ಚರ್ಮ ಕಿತ್ತುಹೋದ ನೋವು ಜ್ವರಕ್ಕಿಂತ ಎಷ್ಟೋ ಜಾಸ್ತಿ ಇದ್ದಿರಬೇಕು. ಮತ್ತೆ ಅದೇ ಮಾತು, ನೋವಿನ ಅಳತೆ ಇಟ್ಟುಕೊಂಡು ತೀರ್ಮಾನ ಮಾಡಲಾಗುವುದಿಲ್ಲ.

ಗಾಯ, ದಣಿವು ಎರಡಕ್ಕೂ ಬೇರು ಒಂದೇ ಅಂದೆನಲ್ಲ, ಅದು ಊಟ. ಮೂಳೆ ನೋವು ಅಂತ ಬರುವ ಅಥ್ಲೀಟ್‌ಗಳಿಗೆ ನಾನು ಮೊದಲು ಕಾಲು ಮುಟ್ಟುವುದಿಲ್ಲ. ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು ತಿಂದಿರಿ ಅಂತ ಕೇಳುತ್ತೇನೆ. ಒಬ್ಬ ಹುಡುಗಿ ಬಂದಿದ್ದಳು. ಫೋನಿನಲ್ಲಿ ಒಂದು ವರ್ಷದ ಲೆಕ್ಕ ಇತ್ತು. ಯಾವ ದಿನ ಎಷ್ಟು ವ್ಯಾಟ್ಸ್, ಕಿಲೋಮೀಟರ್‌ಗೆ ಎಷ್ಟು ನಿಮಿಷ, ಎಷ್ಟು ಗಂಟೆ ನಿದ್ದೆ, ಎಲ್ಲ ಬಣ್ಣಬಣ್ಣದ ಗ್ರಾಫ್. ಊಟದ ಬಗ್ಗೆ ಕೇಳಿದರೆ, "ಬೆಳಗ್ಗೆ ಸೈಕ್ಲಿಂಗ್ ಮುಗಿಸಿ ಬಂದ ಮೇಲೆ ಎರಡು ಇಡ್ಲಿ, ಒಂದು ಕಾಫಿ." ಎಷ್ಟು ಹೊತ್ತು ಸೈಕ್ಲಿಂಗ್? ಮೂರೂವರೆ ಗಂಟೆ. ಮುಟ್ಟು ಯಾವಾಗ ಆಗಿತ್ತು ಅಂದರೆ ನೆನಪಿಲ್ಲ. "ಟ್ರೈನಿಂಗ್ ಜಾಸ್ತಿ ಇದ್ದಾಗ ನಿಲ್ಲುತ್ತೆ, ಎಲ್ಲರಿಗೂ ಹಾಗೇ" ಅಂದಳು. ಎಲ್ಲರಿಗೂ ಹಾಗೆ ಆಗುತ್ತಿದ್ದರೆ ಎಲ್ಲರೂ ಕಡಿಮೆ ತಿನ್ನುತ್ತಿದ್ದಾರೆ ಅಂತ ಅರ್ಥ.

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ರೆಡ್-ಎಸ್ ಅಂತ ಹೆಸರಿಟ್ಟಿತು. ವ್ಯಾಯಾಮಕ್ಕೆ ಖರ್ಚಾದದ್ದು ಕಳೆದು, ಉಳಿದ ದೇಹ ನಡೆಸಲು ಸಾಕಷ್ಟು ಶಕ್ತಿ ಸಿಗದ ಸ್ಥಿತಿ. ಲೆಕ್ಕ ಮಾಡಿ ತೋರಿಸುತ್ತೇನೆ. ಕೊಬ್ಬು ಬಿಟ್ಟು 50 ಕೆಜಿ ತೂಗುವ ಒಬ್ಬ ಕ್ರೀಡಾಪಟು. ವ್ಯಾಯಾಮದ ಖರ್ಚು ಕಳೆದ ಮೇಲೆ ಆ ತೂಕದ ಪ್ರತಿ ಕೆಜಿಗೆ 45 ಕ್ಯಾಲೊರಿ ಉಳಿದರೆ ಮೈ ಆರಾಮಾಗಿರುತ್ತದೆ, ಅಂದರೆ 2,250. ದಿನಗಟ್ಟಲೆ 30ಕ್ಕಿಂತ ಕೆಳಗೆ, ಅಂದರೆ 1,500ಕ್ಕಿಂತ ಕಡಿಮೆ ಉಳಿಯುತ್ತಿದ್ದರೆ ತೊಂದರೆ ಶುರುವಾಗುವ ಸಾಧ್ಯತೆ ಹೆಚ್ಚು. ಈಗ ಆ ದಿನದ ತರಬೇತಿ 2,500 ಕ್ಯಾಲೊರಿ ತಿಂದಿತು ಅಂದುಕೊಳ್ಳಿ. ಆರಾಮಾಗಿರಲು 4,750 ಕ್ಯಾಲೊರಿ ತಿನ್ನಬೇಕು. 4,000ಕ್ಕೆ ಇಳಿದರೆ ಅಪಾಯದ ಗೆರೆಯ ಮೇಲೆ ನಿಂತಿದ್ದೀರಿ. ಬಿಸಿಲಲ್ಲಿ ನಾಲ್ಕು ಗಂಟೆ ದಣಿದವರಿಗೆ ಹಸಿವೇ ಆಗುವುದಿಲ್ಲ, ಅದೇ ಪೇಚು. ಬೇಕಂತಲೇ ಕಡಿಮೆ ತಿನ್ನುವವರಷ್ಟೇ ಇದಕ್ಕೆ ಸಿಕ್ಕಿಕೊಳ್ಳುವುದಿಲ್ಲ.

ದೇಹ ಆಗ ಖರ್ಚು ಕಡಿತ ಮಾಡುತ್ತದೆ. ಮುಟ್ಟು ನಿಲ್ಲುತ್ತದೆ, ಗಂಡಸರಲ್ಲಿ ಟೆಸ್ಟೊಸ್ಟಿರಾನ್ ಇಳಿಯುತ್ತದೆ, ಮೂಳೆ ಕಟ್ಟುವ ಕೆಲಸ ನಿಧಾನವಾಗುತ್ತದೆ. ಸುಸ್ತು, ಮೂಳೆ ನೋವು ಒಟ್ಟಿಗೇ ಬರುವುದು ಹೀಗೆ. ಸೀಸನ್ ಉದ್ದಕ್ಕೂ ಸ್ವಲ್ಪ ಸ್ವಲ್ಪ ಕೊರತೆ ಸೇರುತ್ತಾ ಬಂದು ಅಕ್ಟೋಬರ್‌ನಲ್ಲಿ ಕಾಲಿನಲ್ಲಿ ಎದ್ದು ಕಾಣುತ್ತದೆ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಸಸ್ಯಾಹಾರಿಗಳಾಗಿದ್ದರೆ ಕಬ್ಬಿಣದ ಅಂಶದ ಮೇಲೆ ಕಣ್ಣಿರಲಿ. ಹಿಮೋಗ್ಲೋಬಿನ್ ಸರಿ ಇದ್ದರೂ ಫೆರಿಟಿನ್, ಅಂದರೆ ದಾಸ್ತಾನು, ಬರಿದಾಗಿರಬಹುದು. ಅದನ್ನು ಬೇರೆಯಾಗಿಯೇ ಪರೀಕ್ಷೆ ಮಾಡಿಸಬೇಕು. ರಾಗಿಯಲ್ಲಿ, ಸೊಪ್ಪಿನಲ್ಲಿ ಕಬ್ಬಿಣ ಇದೆ, ಆದರೆ ಮೈಗೆ ಹತ್ತುವುದು ಕಡಿಮೆ. ಕಾಳನ್ನು ಮೊಳಕೆ ಕಟ್ಟಿ, ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಸ್ವಲ್ಪ ಜಾಸ್ತಿ ಹತ್ತುತ್ತದೆ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಅದೂ ಹೋಯಿತು. ಪರೀಕ್ಷೆ ಮಾಡಿಸದೆ ಕಬ್ಬಿಣದ ಮಾತ್ರೆ ಮಾತ್ರ ನುಂಗಬೇಡಿ.

ಗಾಯವಾದ ವೃತ್ತಿಪರರು ದಿನವಿಡೀ ಏನು ಮಾಡುತ್ತಾರೆ? ಟ್ರಯಾಥ್ಲೀಟ್‌ಗಳ ಅದೃಷ್ಟ ಅಂದರೆ ಒಂದು ಆಟ ನಿಂತರೆ ಇನ್ನೆರಡು ಉಳಿದಿರುತ್ತವೆ. ಕಾಲುಗಳ ಮಧ್ಯೆ ಪುಲ್ ಬಾಯ್ ಅನ್ನುವ ತೇಲುವ ಫೋಮ್ ತುಂಡು ಸಿಕ್ಕಿಸಿಕೊಂಡು ಕೈಯಿಂದಲೇ ಈಜು, ನೋವಿಲ್ಲದಿದ್ದರೆ ಸೈಕಲ್, ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಆಳದ ನೀರಿನಲ್ಲಿ ಓಟ. ದುಡ್ಡಿದ್ದವರಿಗೆ ಮೈಭಾರವನ್ನು ಗಾಳಿಯಲ್ಲಿ ಎತ್ತಿಹಿಡಿಯುವ ಟ್ರೆಡ್‌ಮಿಲ್ ಕೂಡ ಇದೆ. ಫಿಟ್‌ನೆಸ್ ಹೋಗುತ್ತೆ ಅನ್ನುವ ಭಯ ಎಲ್ಲರಿಗೂ ಇದೆ. ಪಳಗಿದ ಅಥ್ಲೀಟ್‌ಗಳು ತರಬೇತಿಯನ್ನು ಪೂರ್ತಿ ನಿಲ್ಲಿಸಿದಾಗಲೂ ಮೂರು ವಾರದಲ್ಲಿ ಆಮ್ಲಜನಕ ಬಳಸುವ ಸಾಮರ್ಥ್ಯ ಇಳಿದದ್ದು ಸುಮಾರು 7% ಅಂತ 1984ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿತ್ತು. ಈಜು, ಸೈಕಲ್ ನಡೆಯುತ್ತಿದ್ದರೆ ಇನ್ನೂ ಕಡಿಮೆ. ಭಯದಲ್ಲಿ ಓಟದ ಗಂಟೆಗಳನ್ನೆಲ್ಲ ಸೈಕಲ್‌ಗೆ ಸುರಿದು, ಇದ್ದ ಸುಸ್ತನ್ನು ಇಮ್ಮಡಿ ಮಾಡಿಕೊಳ್ಳುವವರೇ ಹೆಚ್ಚು.

ಮಾತ್ರೆ, ಇಂಜೆಕ್ಷನ್ ವಿಷಯಕ್ಕೆ ಬರೋಣ. ಐಬುಪ್ರೊಫೆನ್, ಡೈಕ್ಲೊಫಿನಾಕ್ ನಿಷೇಧಿತ ಪಟ್ಟಿಯಲ್ಲಿಲ್ಲ. ಆದರೆ ಬೆವರು ಸುರಿಸಿ ನೀರು ಕಡಿಮೆಯಾದ ಮೈಯಲ್ಲಿ ಅವು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಮೂಳೆ ಗಾಯದಲ್ಲಂತೂ ಎಚ್ಚರಿಕೆಯ ಗಂಟೆಯನ್ನೇ ಬಾಯಿ ಮುಚ್ಚಿಸಿದ ಹಾಗೆ. ಸ್ಟೆರಾಯ್ಡ್ ಇಂಜೆಕ್ಷನ್ ಯಾವ ಜಾಗಕ್ಕೆ ಚುಚ್ಚಿಸಿಕೊಂಡರೂ ಸ್ಪರ್ಧೆಯ ಅವಧಿಯಲ್ಲಿ ನಿಷೇಧ. ವಾಡಾ, ಅಂದರೆ ಉದ್ದೀಪನ ಮದ್ದು ತಡೆಯುವ ವಿಶ್ವ ಸಂಸ್ಥೆ, ಈ ನಿಯಮ ತಂದದ್ದು 2022ರ ಜನವರಿ 1ರಿಂದ. ಟ್ರಮಡಾಲ್ ಅನ್ನುವ ಜೋರಾದ ನೋವಿನ ಮಾತ್ರೆಯೂ 2024ರ ಜನವರಿ 1ರಿಂದ ಸ್ಪರ್ಧೆಯ ಅವಧಿಯಲ್ಲಿ ನಿಷೇಧ. ನಮ್ಮಲ್ಲಿ ಸುಸ್ತಾದರೆ "ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸ್ಕೊಂಡು ಬಂದೆ" ಅನ್ನುವುದು ಮಾಮೂಲು, ಅಲ್ವಾ? 12 ಗಂಟೆಯೊಳಗೆ 100 ಮಿಲಿಗಿಂತ ಜಾಸ್ತಿ ಡ್ರಿಪ್ ಏರಿಸಿಕೊಳ್ಳುವುದೂ ನಿಯಮಕ್ಕೆ ವಿರುದ್ಧ. ನಿಜವಾದ ಕಾಯಿಲೆಗೆ ಆಸ್ಪತ್ರೆಯಲ್ಲಿ ಕೊಡುವ ಚಿಕಿತ್ಸೆಗೆ ಮಾತ್ರ ವಿನಾಯಿತಿ. ರಾಜ್ಯ ಮಟ್ಟದಲ್ಲಿ ಸ್ಪರ್ಧಿಸುವ ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ.

ಈಗ ನಿಮ್ಮ ಕಾಲು. ಕಾಲನ್ನು ನೋಡದೆ ರೋಗ ಹೇಳುವುದು ತಪ್ಪು, ಹಾಗಾಗಿ ಏನು ನೋಡಬೇಕು ಅಂತ ಹೇಳುತ್ತೇನೆ. ಕುರ್ಚಿಯಲ್ಲಿ ಕೂತು, ಮಂಡಿಯಿಂದ ಕೆಳಗೆ ಮೂಳೆಯ ಒಳಅಂಚಿನುದ್ದಕ್ಕೂ ಹೆಬ್ಬೆರಳಿನಿಂದ ಒತ್ತುತ್ತಾ ಬನ್ನಿ. ಕೆಳಗಿನ ಮೂರನೇ ಒಂದು ಭಾಗದಲ್ಲಿ, ಐದು ಸೆಂಟಿಮೀಟರ್ ಅಥವಾ ಅದಕ್ಕಿಂತ ಉದ್ದಕ್ಕೆ ನೋಯುತ್ತಿದ್ದರೆ ಅದು ಶಿನ್ ಸ್ಪ್ಲಿಂಟ್ಸ್, ಅಂದರೆ ಓಟದ ಒತ್ತಡಕ್ಕೆ ಮೂಳೆಯ ಅಂಚು ನೋಯುವ ತೊಂದರೆ, ಇರಬಹುದು. ಓಟ ಕಡಿಮೆ ಮಾಡಿ, ಮೀನಖಂಡ ಬಲಪಡಿಸಿ ನಿಭಾಯಿಸಬಹುದು. ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬೆರಳಿಟ್ಟ ತಕ್ಷಣ ಚೀರುವಂತಾದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಓಡುತ್ತಾ ಓಡುತ್ತಾ ನೋವು ಕಡಿಮೆಯಾಗುವ ಬದಲು ಏರುತ್ತಿದ್ದರೆ, ಮೂಳೆ ಅಂತಲೇ ಇಟ್ಟುಕೊಳ್ಳಿ. ಆ ಜಾಗ ಮೂಳೆಯ ಮುಂಬದಿಯ ಏಣಿನ ಮೇಲಿದ್ದರೆ ಇನ್ನೂ ಎಚ್ಚರ. ಒಂಟಿ ಕಾಲಿನಲ್ಲಿ ಕುಪ್ಪಳಿಸಿ ನೋಡುವ ಪರೀಕ್ಷೆ ಇಂಟರ್ನೆಟ್‌ನಲ್ಲಿ ಸಿಗುತ್ತದೆ. ದಯವಿಟ್ಟು ಮನೆಯಲ್ಲಿ ದಿನಾ ಮಾಡಬೇಡಿ.

ಎಕ್ಸ್‌ರೇಯಲ್ಲಿ ಏನೂ ಇಲ್ಲ ಅನ್ನುವುದರಿಂದ ಸಮಾಧಾನ ಪಡಬೇಕಾಗಿಲ್ಲ. ಮೊದಲ ಎರಡು ಮೂರು ವಾರ, ಕೆಲವೊಮ್ಮೆ ಆಮೇಲೂ, ಸ್ಟ್ರೆಸ್ ಫ್ರಾಕ್ಚರ್ ಅದರಲ್ಲಿ ಕಾಣುವುದೇ ಇಲ್ಲ. ಎಂಆರ್‌ಐ ಬೇಕು. ಕ್ರೀಡಾ ಗಾಯ ನೋಡುವ ಮೂಳೆ ವೈದ್ಯರ ಹತ್ತಿರ ಈ ವಾರವೇ ಹೋಗಿ. ಅಲ್ಲಿಯವರೆಗೆ ಓಟ ಪೂರ್ತಿ ನಿಲ್ಲಿಸಿ. ನಡೆಯುವಾಗಲೂ ನೋಯುತ್ತಿದ್ದರೆ ಓಡಾಟವೂ ಕಡಿಮೆ ಇರಲಿ. ಈಜಿ, ನೋವಿಲ್ಲದಿದ್ದರೆ ಸೈಕಲ್ ತುಳಿಯಿರಿ. ಜೊತೆಗೆ ಹಿಮೋಗ್ಲೋಬಿನ್, ಫೆರಿಟಿನ್, ವಿಟಮಿನ್ ಡಿ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಬ್ಯಾಂಕ್ ಕೆಲಸ, ನಸುಕಿನ ಐದಕ್ಕೆ ತರಬೇತಿ, ಮಧ್ಯಾಹ್ನ ಡಬ್ಬಿ ಊಟ ಅಂದರೆ ನೀವೂ ಕಡಿಮೆ ತಿನ್ನುತ್ತಿರುವ ಸಾಧ್ಯತೆ ಸಾಕಷ್ಟಿದೆ. ಒಂದು ವಾರ ತಿಂದದ್ದನ್ನೆಲ್ಲ ಬರೆದಿಡಿ, ವೈದ್ಯರಿಗೆ ತೋರಿಸಿ.

ವೃತ್ತಿಪರರಿಗೂ ನಿಮಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅವರಿಗೆ ರೇಸ್ ಬಿಟ್ಟರೆ ವರ್ಷದ ದುಡಿಮೆ ಹೋಗುತ್ತದೆ, ಆದರೂ ಬಿಡುತ್ತಾರೆ. ನಿಮಗೆ ಹೋಗುವುದು ನೋಂದಣಿ ಶುಲ್ಕ, ಜೊತೆಗೆ ಸ್ನೇಹಿತರ ಮುಂದೆ ಸ್ವಲ್ಪ ಮುಜುಗರ. ಶಿನ್ ಸ್ಪ್ಲಿಂಟ್ಸ್ ಅಂತಾದರೆ ಗೋವಾಕ್ಕೆ ಹೋಗುವ ದಾರಿ ಇನ್ನೂ ತೆರೆದಿದೆ. ಮೂಳೆಯದೇ ಅಂತಾದರೆ ಆರು ವಾರದಲ್ಲಿ 21 ಕಿಲೋಮೀಟರ್ ಓಡುವ ಮಾತು ಬೇಡ. ಅಲ್ಲಿ ರಿಲೇ ವಿಭಾಗವೂ ಇರುತ್ತದೆ. ನಿಮ್ಮ ನೋಂದಣಿಯನ್ನು ಅದಕ್ಕೆ ಬದಲಾಯಿಸಬಹುದಾ ಅಂತ ಆಯೋಜಕರನ್ನು ಈಗಲೇ ಕೇಳಿ, ಗಡುವು ಮುಗಿಯುವ ಮುಂಚೆ. ವೈದ್ಯರು ಒಪ್ಪಿದರೆ ಮಿರಾಮಾರ್‌ನ ಸಮುದ್ರದಲ್ಲಿ 1.9 ಕಿಲೋಮೀಟರ್ ಈಜು ನಿಮಗಿರಲಿ, ಸೈಕಲ್, ಓಟಕ್ಕೆ ಹುಬ್ಬಳ್ಳಿಯ ಗೆಳೆಯರನ್ನು ಹುಡುಕಿಕೊಳ್ಳಿ. ಎಂಆರ್‌ಐ ವರದಿ ಬಂದ ಮೇಲೆ ಇನ್ನೊಮ್ಮೆ ಬರೆಯಿರಿ. ಬರೆಯುವಾಗ ನೋವು ಎಷ್ಟಿದೆ ಅನ್ನುವುದರ ಜೊತೆಗೆ ಸರಿಯಾಗಿ ಎಲ್ಲಿದೆ ಅಂತಲೂ ಹೇಳಿ.